ಹೊನಲು ಬೆಳಕು ಬಂದರೆ ಪಾರ್ಕಿನ ಮಿಂಚುಹುಳು ಏನಾಗುತ್ತವೆ?

ಪ್ರಶ್ನೆ: ನಮ್ಮೂರಿನ ಹಾಕಿ ಟರ್ಫ್‌ಗೆ ಹೊನಲು ಬೆಳಕಿನ ಕಂಬ ಹಾಕುತ್ತಾರಂತೆ. ಪಕ್ಕದಲ್ಲೇ ಪಾರ್ಕು, ಅದರಾಚೆ ತೋಡು. ಮೇ ತಿಂಗಳಲ್ಲಿ ಅಲ್ಲಿ ಮಿಂಚುಹುಳು ತುಂಬಿರುತ್ತವೆ, ಬಾವಲಿಗಳೂ ಇವೆ. ಮಕ್ಕಳ ಆಟವೂ ನಿಲ್ಲಬಾರದು. ನಾವು ಏನು ಕೇಳಬೇಕು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ದೀಪವೇ ಬೇಡ ಎನ್ನಬೇಕಿಲ್ಲ. ಬೆಳಕು ಟರ್ಫ್ ದಾಟಿ ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ ಎಂಬ ಎರಡು ವಿಷಯದಲ್ಲಿ ಮಾತ್ರ ಪಟ್ಟು ಸಡಿಲಿಸಬೇಡಿ.

ಮಿಂಚುಹುಳುಗಳಲ್ಲಿ ಸಾಮಾನ್ಯವಾಗಿ ಗಂಡು ಹಾರುತ್ತಾ ಮಿಂಚುತ್ತದೆ, ಹುಲ್ಲಿನಲ್ಲಿ ಕೂತ ಹೆಣ್ಣು ಮಿಂಚಿ ಉತ್ತರ ಕೊಡುತ್ತದೆ. ಬೆಳಕಿದ್ದರೆ ಜೋಡಿ ಕೂಡುವುದಿಲ್ಲ. ಹುಣ್ಣಿಮೆಯ ಬೆಳಕು ಹೆಚ್ಚೆಂದರೆ 0.3 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ದೊಡ್ಡ ಪಂದ್ಯಕ್ಕೆ ಟರ್ಫ್ ಮೇಲೆ ಬೇಕಾಗುವುದು ಸುಮಾರು 500. ಅದರ ನೂರನೇ ಒಂದು ಪಾಲು ಪೊದೆಗೆ ಸೋರಿದರೂ ಹುಣ್ಣಿಮೆಯ 15 ಪಟ್ಟಿಗಿಂತ ಹೆಚ್ಚಾಯಿತು. ಹಳದಿ ದೀಪ ಹಾಕಿದರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀಲಿ ಅಂಶ ಕಡಿಮೆಯಾದರೆ ಪತಂಗಗಳು ಮುತ್ತುವುದು ತಗ್ಗುತ್ತದೆ ನಿಜ, ಆದರೆ ಮಿಂಚುಹುಳುವಿನ ಬೆಳಕೇ ಹಳದಿ-ಹಸಿರು. ಅವಕ್ಕೆ ಬೇಕಿರುವುದು ಕತ್ತಲೆ.

ದೀಪದ ಸುತ್ತ ಬಾವಲಿ ಹಾರುವುದನ್ನು ನೋಡಿ ಸಮಾಧಾನಪಡುವವರಿದ್ದಾರೆ. ಅವು ಬಯಲಲ್ಲಿ ವೇಗವಾಗಿ ಹಾರಿ ಹುಳ ಹಿಡಿಯುವಂಥವು. ಮರಗಳ ಸಂದಿಯಲ್ಲಿ ನಿಧಾನ ಹಾರುವ ಕುದುರೆಲಾಳ ಬಾವಲಿಗಳು ಬೆಳಕನ್ನು ದಾಟಲು ಹಿಂಜರಿಯುತ್ತವೆ. ತೋಡಿನ ಮೇಲೆ ಬೆಳಕು ಬಿದ್ದರೆ ಅವುಗಳ ದಾರಿಯೇ ಕಟ್ಟಿದಂತೆ. ಹತ್ತಿರದ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಇನ್ನೂ ಎಚ್ಚರ: ಅವು ರಾತ್ರಿಯೂ ದೀಪಕ್ಕೆ ಹಾರಿ ಬರುತ್ತವೆ, ಆಟಗಾರರಿಗೂ ಅಪಾಯ.

ಟೆಂಡರಿನಲ್ಲೇ ಬರೆಸಿ: ಚಪ್ಪಟೆ ಗಾಜಿನ, ಒಂದೇ ಬದಿಗೆ ಬೆಳಕು ಚೆಲ್ಲುವ ಎಲ್‌ಇಡಿ, ಗಾಜು ನೆಲಕ್ಕೆ ಸಮಾನಾಂತರವಾಗಿರಬೇಕು, ಪಾರ್ಕಿನ ಬದಿಗೆ ಬೆಳಕು ತಡೆಯುವ, ತಯಾರಕರದ್ದೇ ಮರೆ-ತಗಡು. ಖರ್ಚು ಉಳಿಸಲು ಕಂಬ ಗಿಡ್ಡ ಮಾಡಿದರೆ ದೀಪವನ್ನು ಮೇಲಕ್ಕೆ ಎತ್ತಿ ತಿರುಗಿಸಬೇಕಾಗುತ್ತದೆ, ಆಗಲೇ ಬೆಳಕು ಮರಕ್ಕೆ ಹೊಡೆಯುವುದು. ಆಮೇಲೆ ತಗಡು ಕಟ್ಟುವುದು, ಗಾಜಿಗೆ ಬಣ್ಣ ಬಳಿಯುವುದು ಬೇಡ. ಶಾಖ ಹೊರಹೋಗದೆ ದೀಪ ಕೆಡುತ್ತದೆ. ಅಭ್ಯಾಸಕ್ಕೆ 200 ಲಕ್ಸ್ ಸಾಕು, ಹಾಗಾಗಿ ಡಿಮ್ಮರ್ ಕೇಳಿ. ಹಳೆಯ ಮೆಟಲ್ ಹ್ಯಾಲೈಡ್ ದೀಪ ಆರಿಸಿದರೆ ಮತ್ತೆ ಹೊತ್ತಲು ಹತ್ತು ನಿಮಿಷವಾದರೂ ಬೇಕು, ಅದಕ್ಕೇ ಆಟವಿಲ್ಲದಾಗಲೂ ಉರಿಯಲು ಬಿಡುತ್ತಿದ್ದರು. ಎಲ್‌ಇಡಿಗೆ ಆ ನೆಪವಿಲ್ಲ, ಟೈಮರ್ ಹಾಕಿಸಿ. ಮೇ ತಿಂಗಳಲ್ಲಿ ಅಭ್ಯಾಸವನ್ನು ಹಗಲಿಗೆ ತಂದರೆ ಎಲ್ಲಕ್ಕಿಂತ ಒಳ್ಳೆಯದು.

ಕೆಲಸ ಒಪ್ಪಿಕೊಳ್ಳುವ ಮುನ್ನ ಬೆಳದಿಂಗಳಿಲ್ಲದ ರಾತ್ರಿ ಪಾರ್ಕಿನ ಅಂಚಿನಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ ಲಕ್ಸ್ ಮೀಟರನ್ನು ದೀಪದತ್ತ ಹಿಡಿದು ಅಳೆಯಿರಿ. 1ಕ್ಕಿಂತ ಕಡಿಮೆ ಇರಲಿ. ಇಷ್ಟು ಮಂದ ಬೆಳಕಿಗೆ ಮೊಬೈಲ್ ಆ್ಯಪ್ ನಂಬಬೇಡಿ. ಮಂಜು ಕವಿದಾಗ ಬೆಳಕು ಚದುರಿ ಲೆಕ್ಕ ತಪ್ಪುತ್ತದೆ. ಮುಂಗಾರಿನ ಗಾಳಿಗೆ ದೀಪದ ಬೋಲ್ಟ್ ಸಡಿಲಾಗಿ ಕೋನ ಜಾರಬಹುದು, ಆದ್ದರಿಂದ ಪ್ರತಿ ವರ್ಷ ಮಳೆ ನಿಂತ ಮೇಲೆ ಬಿಗಿ ಮಾಡಿಸಿ ಮತ್ತೊಮ್ಮೆ ಅಳೆಯಿರಿ.