ಇಸಿ (ಎಂಬೆಡೆಡ್ ಕಂಟ್ರೋಲರ್, ಲ್ಯಾಪ್‌ಟಾಪ್‌ನ ವಿದ್ಯುತ್, ರೀಸೆಟ್‌ಗಳನ್ನು ನೋಡಿಕೊಳ್ಳುವ ಪುಟ್ಟ ಚಿಪ್) ಫರ್ಮ್‌ವೇರ್‌ನಲ್ಲಿ ಬೂಟ್ ಕೋಡ್‌ಗಳನ್ನು, ಅಂದರೆ ಬೂಟ್ ಯಾವ ಹಂತದಲ್ಲಿದೆ ಎಂದು ತಿಳಿಸುವ ಸಂಖ್ಯೆಗಳನ್ನು, ಬಂದೊಡನೆ ಸೀರಿಯಲ್ ಕನ್ಸೋಲ್‌ಗೆ ಮುದ್ರಿಸುವುದು ಸರಿಯೇ, ಫ್ಲ್ಯಾಶ್‌ನಲ್ಲಿ ಬರೆದಿಡುವುದು ಸರಿಯೇ?

ನನ್ನ ಮಟ್ಟಿಗೆ ಇವೆರಡೂ ಆಮೇಲಿನ ಪ್ರಶ್ನೆಗಳು. ಲ್ಯಾಪ್‌ಟಾಪ್ ಬೋರ್ಡ್ ಒಂದಕ್ಕೆ ಇಸಿ ಫರ್ಮ್‌ವೇರ್ ಬರೆಯುವಾಗ ನಾನೂ ಇದನ್ನೇ ಯೋಚಿಸುತ್ತ ಕುಳಿತಿದ್ದೆ. ದಾಖಲೆಯನ್ನು ಯಾವಾಗ ಅಳಿಸಬೇಕು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಪ್ರೊಸೆಸರ್ ಪೋರ್ಟ್ 80 (ಹೆಕ್ಸ್) ಎಂಬ ಐ/ಒ ವಿಳಾಸಕ್ಕೆ ಬರೆಯುವ ಬೈಟ್‌ಗಳನ್ನು, ಅಂದರೆ 1984ರ ಐಬಿಎಂ ಪಿಸಿ ಎಟಿಯ ಕಾಲದಿಂದ ನಡೆದುಬಂದ ಆ ಕೋಡ್‌ಗಳನ್ನು, ನಮ್ಮ ಇಸಿ ಇಎಸ್‌ಪಿಐ ಬಸ್‌ನಲ್ಲಿ (ಪ್ರೊಸೆಸರ್ ಬದಿಯನ್ನು ಇಸಿಗೆ ಜೋಡಿಸುವ ತಂತಿಗಳಲ್ಲಿ) ಹಿಡಿದು 256 ನಮೂದುಗಳ ರಿಂಗ್ ಬಫರ್‌ಗೆ (ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುವ ಪಟ್ಟಿಗೆ) ಹಾಕುತ್ತಿತ್ತು. ಪ್ರತಿ ಬೂಟ್‌ನ ದಾಖಲೆ ಬೇರೆ ಬೇರೆಯಾಗಿರಲೆಂದು, ಪ್ಲಾಟ್‌ಫಾರ್ಮ್ ರೀಸೆಟ್ ಸಂಕೇತ ಬಂದೊಡನೆ ಬಫರನ್ನು ಖಾಲಿ ಮಾಡುವ ಒಂದು ಸಾಲನ್ನು ನಾನು ಸೇರಿಸಿದೆ. ಕೋಡ್ ಪರಿಶೀಲಿಸಿದವರಿಗೂ ಅದು ಅಚ್ಚುಕಟ್ಟಾಗಿಯೇ ಕಂಡಿತು.

ಆದದ್ದಿಷ್ಟು: ಹೋಸ್ಟ್ (ಮುಖ್ಯ ಪ್ರೊಸೆಸರ್‌ನ ಬದಿ) ಆಗೊಮ್ಮೆ ಈಗೊಮ್ಮೆ ಮೆಮೊರಿ ಟ್ರೈನಿಂಗ್ ಹಂತದಲ್ಲಿ, ಅಂದರೆ ರ‍್ಯಾಮ್‌ನ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳುವಾಗ, ಸಿಕ್ಕಿಕೊಳ್ಳುತ್ತಿತ್ತು, ನಿಗದಿತ ಅವಧಿಯಲ್ಲಿ ಮುಂದಿನ ಕೋಡ್ ಬಾರದ ಕಾರಣ ಇಸಿಯೇ ಅದನ್ನು ರೀಸೆಟ್ ಮಾಡುತ್ತಿತ್ತು, ಆ ರೀಸೆಟ್ ನನ್ನ ಸಾಲನ್ನು ಚಲಾಯಿಸಿ ಸಾಕ್ಷ್ಯವನ್ನೆಲ್ಲ ಒರೆಸಿಹಾಕುತ್ತಿತ್ತು, ಎರಡನೆಯ ಬೂಟ್ ಸುಸೂತ್ರವಾಗಿ ಮುಗಿಯುತ್ತಿತ್ತು. ಪರೀಕ್ಷಾ ತಂಡದವರು ಬೋರ್ಡ್ ತಂದುಕೊಟ್ಟಾಗ ಬಫರ್‌ನಲ್ಲಿ ಇರುತ್ತಿದ್ದುದು ಆ ಎರಡನೆಯ ಬೂಟ್‌ನ ನಿರ್ದೋಷ ದಾಖಲೆ. ಅದನ್ನು ನಂಬಿ ಮೆಮೊರಿಯ ತಂಟೆಗೇ ಹೋಗದೆ, ವಿದ್ಯುತ್ ರೈಲ್‌ಗಳನ್ನೂ ಪವರ್ ಬಟನ್‌ನ ಸರ್ಕ್ಯೂಟನ್ನೂ ಆಸಿಲೋಸ್ಕೋಪ್ ಹಿಡಿದು ಜಾಲಾಡಿದೆವು. ಗಮನಿಸಿ, ಇಲ್ಲಿ ಒಂದು ಕೋಡ್ ಕೂಡ ತಪ್ಪಿಹೋಗಿರಲಿಲ್ಲ. ಕೆಟ್ಟ ಬೂಟ್‌ನ ದಾಖಲೆ ಮಾತ್ರ ಅಳಿಯುವ, ಒಳ್ಳೆಯ ಬೂಟ್‌ನದು ಮಾತ್ರ ಉಳಿಯುವ ಏರ್ಪಾಡನ್ನು ನಾನೇ ಕೈಯಾರೆ ಮಾಡಿಟ್ಟಿದ್ದೆ.

ಆದ್ದರಿಂದ ರೀಸೆಟ್ ಆದಾಗ ಅಳಿಸಬೇಡಿ, ಗುರುತು ಹಾಕಿ. ಕೋಡ್ ಒಂದು ಬೈಟ್ ಆಗಿದ್ದರೂ ನಮೂದನ್ನು 16 ಬಿಟ್ ಮಾಡಿಕೊಂಡರೆ, 255ಕ್ಕಿಂತ ಮೇಲಿನ ಸಂಖ್ಯೆಗಳನ್ನು ‘ರೀಸೆಟ್ ಆಯಿತು’, ‘ನಿದ್ರೆಯಿಂದ ಎದ್ದಿತು’ ಎಂಬಂಥ ಘಟನೆಗಳಿಗೆ ಬಳಸಬಹುದು. ಪ್ರತಿ ನಮೂದಿಗೂ ಮಿಲಿಸೆಕೆಂಡ್ ಸಮಯವಿರಲಿ, ಏಕೆಂದರೆ ಸಿಕ್ಕಿಕೊಂಡ ಹಂತವನ್ನು ಕೊನೆಯ ಕೋಡ್‌ಗಿಂತ ಅದರ ನಂತರದ ಮೌನವೇ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಇಸಿ ತಾನೇ ರೀಸೆಟ್ ಆದರೂ ಬಫರ್ ಉಳಿಯಬೇಕಿದ್ದರೆ, ಆರಂಭದಲ್ಲಿ ಸೊನ್ನೆಯಾಗದ ರ‍್ಯಾಮ್ ವಿಭಾಗದಲ್ಲಿ ಅದನ್ನಿಟ್ಟು ಒಳಗಿನದು ಕೆಟ್ಟಿಲ್ಲವೇ ಎಂದು ಚೆಕ್‌ಸಮ್‌ನಿಂದ ಪರೀಕ್ಷಿಸಿಕೊಳ್ಳಿ.

ಅಳಿಸುವುದನ್ನು ನಿಲ್ಲಿಸಿದ ಮೇಲೂ ನಮಗೆ ಇನ್ನೊಂದು ಕಾಟವಿತ್ತು. ಎಕ್ಸ್86 ಲಿನಕ್ಸ್ ಕರ್ನಲ್ ಹಳೆಯ ಸಾಧನಗಳೊಡನೆ ವ್ಯವಹರಿಸುವಾಗ ತುಸು ವಿಳಂಬಕ್ಕೆಂದು ಇದೇ ಪೋರ್ಟ್ 80ಕ್ಕೆ ಅರ್ಥವಿಲ್ಲದ ಬೈಟ್ ಬರೆಯುವುದುಂಟು. ಅವು ಬಂದು ತುಂಬಿದರೆ ಬೂಟ್ ಕೋಡ್‌ಗಳು ರಿಂಗ್‌ನಿಂದ ಆಚೆ ಬೀಳುತ್ತವೆ. ಹೋಸ್ಟ್‌ನ ಫರ್ಮ್‌ವೇರ್ (ಬಯೋಸ್) ಮುಗಿದು ಆಪರೇಟಿಂಗ್ ಸಿಸ್ಟಂ ಆರಂಭವಾದೊಡನೆ ದಾಖಲೆಯನ್ನು ನಿಲ್ಲಿಸಿ, ಮುಂದಿನ ರೀಸೆಟ್‌ನಲ್ಲಿ ಮತ್ತೆ ತೆರೆಯಿರಿ.

ಇನ್ನು ನೀವು ಕೇಳಿದ ಆಯ್ಕೆಗಳು. ಸೀರಿಯಲ್ ವೇಗ ಸೆಕೆಂಡಿಗೆ 115200 ಬಿಟ್ ಇದ್ದರೆ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೋಸೆಕೆಂಡ್, ಹದಿನೈದು ಅಕ್ಷರಗಳ ಸಾಲಿಗೆ ಒಂದು ಮಿಲಿಸೆಕೆಂಡ್‌ಗೂ ಮೀರಿದ ಕಾಲ ಬೇಕು. ಅಷ್ಟು ಹೊತ್ತು ಇಂಟರಪ್ಟ್‌ನಲ್ಲಿ, ಅಂದರೆ ಉಳಿದ ಕೆಲಸವನ್ನೆಲ್ಲ ತಡೆದು, ಕಾಯುವುದು ಸಲ್ಲದು. ವಿದ್ಯುತ್ ರೈಲ್‌ಗಳನ್ನು ಸರಿಯಾದ ಕ್ರಮದಲ್ಲಿ ಹಚ್ಚಿ ಆರಿಸುವ ಪವರ್ ಸೀಕ್ವೆನ್ಸಿಂಗ್ ಕೂಡ ಅದೇ ಚಿಪ್‌ನ ಹೊಣೆ. ಮುದ್ರಣವನ್ನು ಬಿಡುವಿನ ಟಾಸ್ಕ್‌ಗೆ ಬಿಡಿ. ಪ್ರತಿ ಕೋಡನ್ನೂ ಫ್ಲ್ಯಾಶ್‌ಗೆ ಬರೆಯುವುದನ್ನಂತೂ ನಾನು ಒಪ್ಪುವುದಿಲ್ಲ. ಅಳಿಸುವ ಬಾರಿಗಳಿಗೆ ಅಲ್ಲಿ ಮಿತಿಯಿದೆ, ಒಂದೊಂದು ಅಳಿಸುವಿಕೆಯೂ ನಿಧಾನ. ಬೂಟ್ ವಿಫಲವಾಯಿತೆಂದು ಇಸಿ ತೀರ್ಮಾನಿಸಿದಾಗ, ಹೋಸ್ಟನ್ನು ರೀಸೆಟ್ ಮಾಡುವ ಮೊದಲು, ಬಫರನ್ನು ಒಮ್ಮೆ ಫ್ಲ್ಯಾಶ್‌ಗೆ ನಕಲಿಸಿದರೆ ಸಾಕು.