ಹೆಗಲು ಹರಿದಿದೆ ಅಂದಾಕ್ಷಣ ಆಪರೇಷನ್ನೇ?

ಪತ್ರ: ನನಗೆ 63. ಬಲ ಹೆಗಲ ನೋವು, ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ. ಬಿದ್ದಿಲ್ಲ, ಏಟಾಗಿಲ್ಲ. ಎಂಆರ್‌ಐನಲ್ಲಿ ಸುಪ್ರಾಸ್ಪೈನೇಟಸ್ ಎಂಬ ಹೆಗಲ ಸ್ನಾಯು ಹರಿದಿದೆ ಎಂದು ಬಂದಿದೆ. ಹೆಗಲ ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ಹರಿದಿರುವುದು ಇದೇ ಅಂತೆ. ಹಾಗಾದರೆ ನನಗೂ ತಪ್ಪದು ಅಲ್ವಾ?
– ನಿವೃತ್ತ ಶಿಕ್ಷಕಿ

ಉತ್ತರ: ಮೇಡಂ, ವರದಿಯನ್ನು ಇಷ್ಟು ಗಮನವಿಟ್ಟು ಓದಿದ್ದೀರಿ, ಸಂತೋಷ. ಆದರೆ ಕೊನೆಯ ಮಾತಿಗೆ ನಿಮ್ಮನ್ನು ಸ್ವಲ್ಪ ಗದರಲೇಬೇಕು. ಆಪರೇಷನ್ ಟೇಬಲ್ ಮೇಲೆ ಮಲಗಿದವರನ್ನಷ್ಟೇ ಎಣಿಸಿದರೆ ಹರಿದ ಹೆಗಲುಗಳೇ ಸಿಗುತ್ತವೆ. ಮನೆಯಲ್ಲಿ ಆರಾಮಾಗಿ ರೊಟ್ಟಿ ತಟ್ಟುತ್ತಿರುವವರ ಲೆಕ್ಕ ಎಲ್ಲಿ?

ಆ ಲೆಕ್ಕವೂ ಇದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೆಗಲು ನೋವೇ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದರು. 60 ದಾಟಿದವರಲ್ಲಿ 54% ಜನರಿಗೆ ಪೂರ್ತಿಯೋ ಅರೆಬರೆಯೋ ಹರಿದಿತ್ತು! ಜಪಾನಿನ ಒಂದು ಹಳ್ಳಿಯಲ್ಲಿ 683 ಜನರ ಎರಡೂ ಹೆಗಲು ನೋಡಿದಾಗ ಐದರಲ್ಲಿ ಒಂದು ಪೂರ್ತಿ ಹರಿದಿತ್ತು.

ತೋಳಿನ ಮೂಳೆಯ ಗುಂಡನ್ನು ನಾಲ್ಕು ಸ್ನಾಯುಗಳು ಸುತ್ತಲಿಂದ ಹಿಡಿದುಕೊಂಡಿವೆ. ಅದೇ ರೊಟೇಟರ್ ಕಫ್. ಸುಪ್ರಾಸ್ಪೈನೇಟಸ್ ಅದರಲ್ಲಿ ಮೇಲಿನದು, ಹೆಗಲ ಮೂಳೆಯ ಅಡಿಯಲ್ಲೇ ಹಾದುಹೋಗುತ್ತದೆ, ಮೊದಲು ಹರಿಯುವುದೂ ಸಾಮಾನ್ಯವಾಗಿ ಅದೇ. ರಾಟೆ ಮೇಲಿನ ಬಾವಿ ಹಗ್ಗ ಎಳೆ ಎಳೆಯಾಗಿ ಬಿಡುವ ಹಾಗೆ ವಯಸ್ಸಿನ ಜೊತೆ ಸವೆಯುತ್ತದೆ. ಹರಿದ ಭಾಗ ದೊಡ್ಡದಾದರೆ ಹಿಂದಿನ ಸ್ನಾಯುವಾದ ಇನ್‌ಫ್ರಾಸ್ಪೈನೇಟಸ್‌ಗೂ ಹಬ್ಬಬಹುದು.

ಬಿದ್ದು ಏಟಾಗಿ ಕೈ ತಟ್ಟನೆ ಮೇಲೇಳದಂತಾದರೆ ಮಾತು ಬೇರೆ, ತಡಮಾಡದೆ ಸರ್ಜನ್ ಹತ್ತಿರ ಹೋಗಬೇಕು. ನಿಮ್ಮದು ಹಾಗಲ್ಲ. ಫಿನ್‌ಲ್ಯಾಂಡಿನಲ್ಲಿ ನಿಮ್ಮ ಹಾಗೆ ಏಟಿಲ್ಲದೆ ಇದೇ ಸ್ನಾಯು ಹರಿದ, 55 ದಾಟಿದವರ 180 ಹೆಗಲುಗಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ವರ್ಷದ ನಂತರ ಹೊಲಿಗೆ ಹಾಕಿಸಿಕೊಂಡವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ನಮ್ಮ ಅಕ್ಕನಿಗೂ ಇದೇ ಆಗಿತ್ತು. ಬಟ್ಟೆ ಒಣಹಾಕಲು ಕೈ ಏಳುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿದಂತೆ ಬಾಗಿಲ ಮೇಲೆ ಹಗ್ಗ ಹಾಕಿ, ಒಳ್ಳೆ ಕೈಯಿಂದ ಎಳೆದು ನೋವಿನ ಕೈ ಎತ್ತುತ್ತಿದ್ದಳು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ನಾಲ್ಕನೇ ತಿಂಗಳಿಗೆ ತಂತಿ ಮುಟ್ಟಿದಳು.

ನನಗೆ ಸಿಟ್ಟು ಬರುವುದು ಸ್ಕ್ಯಾನ್ ವರದಿ ಕೊಡುವ ರೀತಿಗೆ. ಅಕ್ಕನ ಕೈಗೆ ಮೂರು ಪುಟ ಇಂಗ್ಲಿಷ್ ಕೊಟ್ಟು ಕಳಿಸಿದರು. 'ಟೇರ್' ಅಂದರೆ ಏನು, ಎಷ್ಟು, ಈ ವಯಸ್ಸಿಗೆ ಎಷ್ಟು ಮಾಮೂಲು ಅಂತ ಕನ್ನಡದಲ್ಲಿ ಒಂದು ಸಾಲು ಹೇಳುವವರಿರಲಿಲ್ಲ. ಒಂದು ವಾರ ಅವಳು ನಿದ್ದೆ ಮಾಡಲಿಲ್ಲ.

ಡಾಕ್ಟರನ್ನೇ ಕೇಳಿ: "ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದಾ?" ಜಡೆ ಹಾಕಿಕೊಂಡ ದಿನ ನಮಗೊಂದು ಕಾಗದ ಹಾಕಿ.