ಧಾರವಾಡದಲ್ಲಿ ಓದಿದವರಿಗೆ ಓದಿನ ಬಗ್ಗೆ ಸಮಾಧಾನವಿದೆಯೇ?

ತಂಗಿಯನ್ನು ಬಿ.ಎ.ಗೆ ಧಾರವಾಡಕ್ಕೆ ಕಳುಹಿಸಬೇಕೆಂದಿದ್ದೀರಿ, ಇಲ್ಲಿ ಓದಿದವರಿಗೆ ಸಮಾಧಾನವಿದೆಯೇ ಎಂದು ಕೇಳಿದ್ದೀರಿ. ನಾನು ಮಹಾರಾಷ್ಟ್ರ ಗಡಿಯ ನಿಪ್ಪಾಣಿ ಕಡೆಯವನು, ಓದಲು ಬಂದು ಇಲ್ಲಿಯೇ ನೆಲೆ ನಿಂತವನು. ನೌಕರಿ ಸಿಗುವ ಮುಂಚೆ ಕೇಳಿದರೆ ಒಂದು ಉತ್ತರ, ಸಿಕ್ಕ ಮೇಲೆ ಕೇಳಿದರೆ ಇನ್ನೊಂದು.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಆಗ ನಮ್ಮ ಭಾಗವೆಲ್ಲ ಮುಂಬಯಿ ಪ್ರಾಂತ್ಯ. ಗಡಿಯ ಕನ್ನಡ ಮನೆಗಳಿಗೆ ಪದವಿಯೆಂದರೆ ಧಾರವಾಡ, ಪದವಿಯಾದ ಮೇಲೆ ಸರ್ಕಾರಿ ನೌಕರಿ. ಊರಲ್ಲಿ ಓರಗೆಯವರು ಕೊಲ್ಲಾಪುರ, ಕಾಗಲ್‌ನ ಕಾರ್ಖಾನೆಗಳಲ್ಲಿ ಸಂಬಳ ಎಣಿಸುತ್ತಿರುವಾಗ, ಪದವೀಧರ ಮಗ ಮನೆಯಿಂದ ಮೆಸ್ಸಿಗೆ ಹಣ ತರಿಸುತ್ತಿದ್ದರೆ ಅಪ್ಪನ ಕಣ್ಣಿಗೆ ವಿಶ್ವವಿದ್ಯಾಲಯವೇ ದಂಡ.

ಸಂಜೆ ಧಾರವಾಡದ ಸಪ್ತಾಪುರ ಬಡಾವಣೆಗೆ ಬಂದು ನೋಡಿ. ಕೋಚಿಂಗ್ ಕೇಂದ್ರಗಳ ಫಲಕಗಳ ತುಂಬ ಆಯ್ಕೆಯಾದವರ ಫೋಟೋ. ಮಹಡಿ ಮೇಲಿನ ಓದುವ ಕೋಣೆಗಳಲ್ಲಿ ತಿಂಗಳ ಬಾಡಿಗೆಗೆ ಒಂದು ಮೇಜು, ಒಂದು ಕುರ್ಚಿ, ಮೊಬೈಲ್ ಚಾರ್ಜಿಗೆ ಒಂದು ಪ್ಲಗ್. ಗದಗ, ಹಾವೇರಿ, ಕೊಪ್ಪಳದ ಮಕ್ಕಳು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆಗಳಿಗೆಂದು ವರ್ಷಗಟ್ಟಲೆ ಕೂರುತ್ತಾರೆ. ಹಾಸ್ಟೆಲ್ ಸಿಗಲೆಂದೇ ಎಂ.ಎ. ಸೇರಿದವರೂ ಉಂಟು. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಯಿತು. ಮರುಪರೀಕ್ಷೆ ಬಂದದ್ದು 2024ರ ಜನವರಿಯಲ್ಲಿ. ಆ ನಡುವೆ ಅಲ್ಲಿ ಕಾಯುತ್ತಿದ್ದವರನ್ನು ಕೇಳಿದ್ದರೆ ಪದವಿಯ ಬಗ್ಗೆ ಒಂದು ಒಳ್ಳೆಯ ಮಾತು ಬರುತ್ತಿತ್ತೇ?

ನನಗೆ ಗೊತ್ತಿರುವ ಇಬ್ಬರು ಒಂದೇ ಬೆಂಚಿನಲ್ಲಿ ಕೂತು ಇತಿಹಾಸ ಓದಿದವರು. ಹಾವೇರಿ ಜಿಲ್ಲೆಯಲ್ಲಿ ಪಿಡಿಒ ಆದವನು, ‘ನಮ್ಮ ಸರ್ ಕಲಿಸಿದ್ದೇ ಪರೀಕ್ಷೆಯಲ್ಲಿ ಕೈ ಹಿಡಿಯಿತು’ ಎನ್ನುತ್ತಾನೆ. ಇನ್ನೂ ಸಪ್ತಾಪುರದಲ್ಲಿರುವವನಿಗೆ ಅದೇ ಸರ್, ಅದೇ ಪಾಠ, ಮೂರು ವರ್ಷದ ಕಾಲಹರಣ. ನೇಮಕಾತಿಯ ವಿಳಂಬವನ್ನು ಪಾಠ ಮಾಡಿದವರ ಲೆಕ್ಕಕ್ಕೆ ಬರೆಯುವುದು ನನಗೆ ಸಂಕಟದ ವಿಷಯ. ಆದರೆ ಕಾಲೇಜುಗಳೂ ಪೂರ್ತಿ ಪಾರಾಗುವುದಿಲ್ಲ. ಇದೇ ಊರಿನ ಎಂಜಿನಿಯರಿಂಗ್ ಮಕ್ಕಳಿಗೆ ಕ್ಯಾಂಪಸ್ ಸಂದರ್ಶನ ನಡೆಯುತ್ತದೆ, ಬಿ.ಎ. ಮಕ್ಕಳಿಗೆ ಮುಂದೇನು ಎಂದು ಕೂರಿಸಿ ಹೇಳುವವರು ಕಡಿಮೆ.

ತಂಗಿಯನ್ನು ಧಾರಾಳವಾಗಿ ಕಳುಹಿಸಿ. ಇಲ್ಲಿ ಗ್ರಂಥಾಲಯಗಳಿವೆ, ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಪದವಿ ಮುಗಿದ ಮೇಲೆ ಪರೀಕ್ಷೆಗಳಿಗಾಗಿ ಎಷ್ಟು ವರ್ಷ ಕಾಯಬಹುದು, ಆಮೇಲೆ ಬೇರೆ ಯಾವ ಕೆಲಸ ಎಂಬುದನ್ನು ಮಾತ್ರ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.